‘ಇಲ್ಲಿ’ ಅಂದರೆ ಎಲ್ಲಿ ಸ್ವಾಮಿ?

ಕನ್ನಡದ ಯಾವುದಾದರೂ ಅಂತರ್ಜಾಲ ಸಾಹಿತ್ಯ ಪತ್ರಿಕೆ ತೆರೆಯಿರಿ. ಒಂದು ಒಳ್ಳೆಯ ಲೇಖನ ಆರಿಸಿಕೊಂಡು ಕೊನೆಯವರೆಗೆ ಓದಿ. ಲೇಖಕರು ತಮ್ಮ ಮಾತಿಗೆ ಆಧಾರವಾಗಿ ಇನ್ನೊಂದು ಬರಹವನ್ನೋ, ಹಳೆಯ ಪುಸ್ತಕವನ್ನೋ, ಯಾರದೋ ಭಾಷಣದ ಧ್ವನಿಮುದ್ರಣವನ್ನೋ ತೋರಿಸಬೇಕಾಗಿ ಬಂದ ಕಡೆ ಏನು ಮಾಡಿದ್ದಾರೆ ಎಂದು ಗಮನಿಸಿ. ‘ಹೆಚ್ಚಿನ ಓದಿಗೆ ಇಲ್ಲಿ ಕ್ಲಿಕ್ ಮಾಡಿ.’ ‘ಆ ಲೇಖನ ಇಲ್ಲಿದೆ.’ ‘ಇದನ್ನೂ ಓದಿ.’ ಇನ್ನು ಕೆಲವರು ಎರಡು ಸಾಲು ಉದ್ದದ ವಿಳಾಸವನ್ನೇ ಹಾಗೆಯೇ ತಂದು ಅಂಟಿಸಿರುತ್ತಾರೆ. ನೀಲಿ ಬಣ್ಣದಲ್ಲಿ, ಅಡಿಗೆರೆ ಎಳೆದುಕೊಂಡು ಇಡೀ ಪುಟದಲ್ಲಿ ಎದ್ದು ಕಾಣುವ ಆ ಪದದ ಬಗ್ಗೆ ಲೇಖಕರಾಗಲಿ ಸಂಪಾದಕರಾಗಲಿ ಅರ್ಧ ನಿಮಿಷ ಯೋಚಿಸಿದ ಕುರುಹು ಇರುವುದಿಲ್ಲ. ಅಲ್ಪವಿರಾಮಕ್ಕೆ ಜಗಳವಾಡುವವರು, ಮಹಾಪ್ರಾಣ ತಪ್ಪಿದೆ ಎಂದು ರಾತ್ರಿ ಹನ್ನೊಂದಕ್ಕೆ ಫೋನ್ ಮಾಡುವವರು, ಈ ಒಂದು ಪದವನ್ನು ಮಾತ್ರ ಯಾರದ್ದೋ ಪಾಲಿಗೆ ಬಿಟ್ಟುಬಿಟ್ಟಿದ್ದಾರೆ.

ಆ ಪದಕ್ಕೆ ತಂತ್ರಜ್ಞರು ಆಂಕರ್ ಟೆಕ್ಸ್ಟ್ ಅನ್ನುತ್ತಾರೆ. ಪುಟದ ಒಳಗಿನ ಸಂಕೇತದಲ್ಲಿ ಕೊಂಡಿಯನ್ನು ಗುರುತಿಸುವುದು ‘ಎ’ ಎಂಬ ಒಂದೇ ಅಕ್ಷರ. ಆಂಕರ್ ಎಂಬುದರ ಮೊದಲಕ್ಷರ ಅದು. ಲಂಗರು. ನಾನು ಈ ಬರಹದಲ್ಲಿ ಅದನ್ನು ಕೊಂಡಿಪದ ಎಂದು ಕರೆಯುತ್ತೇನೆ: ಕೊಂಡಿಯನ್ನು ಯಾವ ಪದದ ಮೇಲೆ ತೂಗುಹಾಕುತ್ತೀರೋ ಆ ಪದ. ಅದನ್ನು ಆರಿಸುವುದು ಬರವಣಿಗೆಯ ಕೆಲಸ, ಅದರಲ್ಲೂ ಆಕರ ಸೂಚಿಸುವ ಕೆಲಸ. ಅದನ್ನು ನಾವು ಮಾಡದೆ ಬಿಟ್ಟ ಜಾಗದಲ್ಲಿ ಈಗ ವ್ಯಾಪಾರಿಗಳು ಬಂದು ಕೂತಿದ್ದಾರೆ. ನನ್ನ ತಕರಾರು ಇಬ್ಬರ ಮೇಲೂ ಇದೆ.

ಮೊದಲು ನಮ್ಮವರ ಸೋಮಾರಿತನ. ಪಿಎಚ್.ಡಿ. ಪ್ರಬಂಧದ ಅಡಿಟಿಪ್ಪಣಿಯಲ್ಲಿ ‘ಆ ಪುಸ್ತಕದಲ್ಲಿ ನೋಡಿ’ ಎಂದು ಬರೆದರೆ ಮಾರ್ಗದರ್ಶಕರು ಕೆಂಪು ಶಾಯಿಯಲ್ಲಿ ಸುತ್ತು ಹಾಕುತ್ತಾರೆ. ಯಾವ ಪುಸ್ತಕ, ಯಾರು ಅಚ್ಚು ಹಾಕಿದ್ದು, ಯಾವ ವರ್ಷ, ಎಷ್ಟನೇ ಪುಟ ಎಂದು ಕೇಳುತ್ತಾರೆ. ಕೇಳಲೇಬೇಕು. ಶಾಸನ ಓದುವವರ ಶಿಸ್ತನ್ನು ನೋಡಿ. ಎಪಿಗ್ರಾಫಿಯಾ ಕರ್ನಾಟಿಕದ ಸಂಪುಟ, ತಾಲ್ಲೂಕು, ಶಾಸನದ ಸಂಖ್ಯೆ ಇಷ್ಟನ್ನು ಬರೆದರೆ ಸಾಕು, ಬಿ.ಎಲ್. ರೈಸ್ ಅವರ ಕಾಲದ ಸಂಪುಟವನ್ನು ಇವತ್ತು ಕಪಾಟಿನಿಂದ ಇಳಿಸಿ ಅದೇ ಕಲ್ಲಿನ ಪಾಠವನ್ನು ಮುಟ್ಟಬಹುದು. ಪರಿಷ್ಕೃತ ಆವೃತ್ತಿ ಬಂದ ಮೇಲೆ ಯಾವ ಆವೃತ್ತಿ ಎಂದೂ ಹೇಳಬೇಕಾಗಿದೆ, ಅಷ್ಟೆ. ಇಷ್ಟು ಶಿಸ್ತು ಕಲಿತ ಅದೇ ಪ್ರಾಧ್ಯಾಪಕರು ಅಂತರ್ಜಾಲಕ್ಕೆ ಬರೆಯಲು ಕೂತ ಕೂಡಲೇ ‘ಇಲ್ಲಿ’ ಎಂದು ಬೆರಳು ತೋರಿಸಿ ಸುಮ್ಮನಾಗುತ್ತಾರೆ. ‘ಇಲ್ಲಿ’ ಎಂಬ ಪದಕ್ಕೆ ಅರ್ಥ ಬರಬೇಕಾದರೆ ಆಡುವವನೂ ಕೇಳುವವನೂ ಒಂದೇ ಜಾಗದಲ್ಲಿ ನಿಂತಿರಬೇಕು ಎಂಬುದು ಭಾಷಾವಿಜ್ಞಾನದ ಮೊದಲ ಸೆಮಿಸ್ಟರಿನ ಪಾಠ.

ಕೇಳಿದರೆ ‘ಅದು ಕಂಪ್ಯೂಟರಿನವರ ವಿಷಯ, ನಮಗ್ಯಾಕೆ’ ಎಂಬ ಉತ್ತರ ಬರುತ್ತದೆ. ಕಂಪ್ಯೂಟರಿನವರು ಇದರ ಬಗ್ಗೆ ಏನು ಹೇಳಿದ್ದರು ಎಂಬುದನ್ನು ಒಂದು ಸಲ ನೋಡೋಣ. 1998ರಲ್ಲಿ ಸರ್ಗೇ ಬ್ರಿನ್ ಮತ್ತು ಲಾರೆನ್ಸ್ ಪೇಜ್ ಎಂಬ ಇಬ್ಬರು ಸ್ಟ್ಯಾನ್‌ಫರ್ಡಿನ ಸಂಶೋಧನಾ ವಿದ್ಯಾರ್ಥಿಗಳು ತಾವು ಕಟ್ಟಿದ ಹುಡುಕುಯಂತ್ರದ ಬಗ್ಗೆ ಒಂದು ಪ್ರಬಂಧ ಬರೆದರು. ಆ ಯಂತ್ರದ ಹೆಸರು ಗೂಗಲ್. ಪ್ರಬಂಧದಲ್ಲಿ ಪೇಜ್‌ರ‍್ಯಾಂಕ್ ಬಗ್ಗೆ ಇರುವ ಭಾಗ ಎಲ್ಲರಿಗೂ ಗೊತ್ತು. ಅದರ ಪಕ್ಕದಲ್ಲೇ ಕೊಂಡಿಪದದ ಬಗ್ಗೆ ಒಂದು ಸಣ್ಣ ಭಾಗವಿದೆ, ಅದನ್ನು ಯಾರೂ ಓದುವುದಿಲ್ಲ. ಅವರು ಹೇಳಿದ್ದು ಇಷ್ಟು: ಕೊಂಡಿಯ ಮೇಲಿರುವ ಪದಗಳನ್ನು ಆ ಪದಗಳಿರುವ ಪುಟಕ್ಕೆ ಮಾತ್ರ ಸೇರಿಸಿಕೊಳ್ಳದೆ, ಕೊಂಡಿ ಯಾವ ಪುಟವನ್ನು ತೋರಿಸುತ್ತಿದೆಯೋ ಆ ಪುಟಕ್ಕೂ ಸೇರಿಸಬೇಕು. ಏಕೆಂದರೆ ಒಂದು ಪುಟ ತನ್ನ ಬಗ್ಗೆ ತಾನು ಹೇಳಿಕೊಳ್ಳುವುದಕ್ಕಿಂತ ಬೇರೆಯವರು ಅದರತ್ತ ಕೈತೋರಿಸುವಾಗ ಬಳಸುವ ಮಾತು ಎಷ್ಟೋ ಸಲ ಹೆಚ್ಚು ನಿಖರವಾಗಿರುತ್ತದೆ. ಇನ್ನೊಂದು ಕಾರಣವನ್ನೂ ಕೊಟ್ಟಿದ್ದರು. ಚಿತ್ರ, ದತ್ತಸಂಚಯ ಮುಂತಾಗಿ ಒಳಗೆ ಓದಬಲ್ಲ ಪಠ್ಯವೇ ಇಲ್ಲದ ವಸ್ತುಗಳನ್ನು ಹುಡುಕುಯಂತ್ರ ತಾನಾಗಿ ಓದಲಾರದು. ಅವಕ್ಕೆ ಹೊರಗಿನವರು ಕೊಟ್ಟ ಹೆಸರೇ ಗತಿ. ಆಗ ಅವರು ಸಂಗ್ರಹಿಸಿದ್ದ ಸುಮಾರು 2.4 ಕೋಟಿ ಪುಟಗಳಲ್ಲಿ ಸಿಕ್ಕ ಇಂಥ ಕೊಂಡಿಗಳು 25 ಕೋಟಿಗೂ ಮಿಕ್ಕಿದ್ದವು.

ಆ ಎರಡನೆಯ ಕಾರಣವನ್ನು ಕನ್ನಡದ ಕಣ್ಣಿನಿಂದ ಇನ್ನೊಮ್ಮೆ ಓದಿ. ನನ್ನ ಸಂಶೋಧನೆ ಕಳೆದ ಶತಮಾನದ ಮೊದಲರ್ಧದ ಸಾಹಿತ್ಯ ಪತ್ರಿಕೆಗಳ ಮೇಲೆ. ಅವುಗಳಲ್ಲಿ, ಆ ಕಾಲದ ಪುಸ್ತಕಗಳಲ್ಲಿ ಎಷ್ಟೋ ಅಂತರ್ಜಾಲದಲ್ಲಿ ಸಿಗುತ್ತವೆ. ಡಿಜಿಟಲ್ ಲೈಬ್ರರಿ ಆಫ್ ಇಂಡಿಯಾ ಯೋಜನೆಯಲ್ಲಿ ಸ್ಕ್ಯಾನ್ ಆದ ಪುಸ್ತಕಗಳು ಈಗ ಇಂಟರ್ನೆಟ್ ಆರ್ಕೈವ್‌ನಲ್ಲಿ ಬಿಟ್ಟಿಯಾಗಿ ಓದಲು ಇವೆ. ಇವೆ, ಆದರೆ ಹುಡುಕಿದವರಿಗೆ ಸಿಗುವುದಿಲ್ಲ. ಒಳಗಿರುವುದು ಪುಟಗಳ ಫೋಟೋ. ಹಳೆಯ ಮೊಳೆಯಚ್ಚಿನ ಒತ್ತಕ್ಷರಗಳ ಮುಂದೆ ಅಕ್ಷರ ಗುರುತಿಸುವ ತಂತ್ರಾಂಶ ತಡವರಿಸುತ್ತದೆ. ಹೊರಗಿನ ಹೆಸರಾದರೂ ಸರಿಯಾಗಿದೆಯೇ ಎಂದರೆ, ಅದನ್ನು ರೋಮನ್ ಲಿಪಿಯಲ್ಲಿ ಯಾರೋ ಅವಸರದಲ್ಲಿ ಕುಟ್ಟಿದ್ದಾರೆ. ದೀರ್ಘವಿಲ್ಲ, ಳ-ಲ ಭೇದವಿಲ್ಲ, ಎಷ್ಟೋ ಕಡೆ ಲೇಖಕರ ಹೆಸರಿನ ಜಾಗ ಖಾಲಿ. ಜೊತೆಗೊಂದು ಉದ್ದನೆಯ ಸಂಖ್ಯೆ. ಕನ್ನಡ ಲಿಪಿಯಲ್ಲಿ ಪುಸ್ತಕದ ಹೆಸರು ಹೊಡೆದು ಹುಡುಕುವ ಎಂ.ಎ. ವಿದ್ಯಾರ್ಥಿಗೆ ಅದು ಎಂದೂ ಕಣ್ಣಿಗೆ ಬೀಳುವುದಿಲ್ಲ.

ಹೀಗೆ ಕನ್ನಡದಲ್ಲಿ ಹೆಸರೇ ಇಲ್ಲದೆ ಕೂತಿರುವ ಪುಸ್ತಕಕ್ಕೆ ಕನ್ನಡದಲ್ಲಿ ಹೆಸರಿಡಲು ಇರುವ ದಾರಿಗಳು ಕಡಿಮೆ. ಅದರಲ್ಲಿ ಎಲ್ಲರ ಕೈಗೂ ಎಟಕುವುದು ಒಂದೇ: ಯಾರಾದರೂ ತಮ್ಮ ಲೇಖನದಲ್ಲಿ ಪುಸ್ತಕದ ಹೆಸರು, ಲೇಖಕರ ಹೆಸರು, ವರ್ಷವನ್ನು ಸರಿಯಾಗಿ ಬರೆದು, ಆ ಪದಗಳ ಮೇಲೆಯೇ ಕೊಂಡಿ ಇಡುವುದು. ಹಾಗೆ ಮಾಡಿದ ದಿನ ನೀವು ಗ್ರಂಥಾಲಯದ ಸೂಚಿಗೆ ಒಂದು ಚೀಟಿ ಸೇರಿಸಿದಂತೆ. ‘ಆ ಪುಸ್ತಕ ಇಲ್ಲಿ ಸಿಗುತ್ತದೆ’ ಎಂದು ಬರೆದು ‘ಇಲ್ಲಿ’ಯನ್ನು ನೀಲಿ ಮಾಡಿದರೆ, ಆ ಚೀಟಿಯ ಮೇಲೆ ಪುಸ್ತಕದ ಹೆಸರಿನ ಜಾಗದಲ್ಲಿ ‘ಇಲ್ಲಿ’ ಎಂದು ಬರೆದಂತಾಯಿತು. ಹುಡುಕುಯಂತ್ರಗಳು ಈಗ ಕೊಂಡಿಯ ಅಕ್ಕಪಕ್ಕದ ಮಾತನ್ನೂ ನೋಡುತ್ತವೆ, ನಿಜ. ಆದರೂ ‘ಕ್ಲಿಕ್ ಹಿಯರ್’ ಥರದ ಕೊಂಡಿಪದ ಬೇಡ ಎಂದು ಗೂಗಲ್ ತನ್ನ ಮಾರ್ಗಸೂಚಿಯಲ್ಲಿ ಇವತ್ತಿಗೂ ಹೇಳುತ್ತಿದೆ. ಇಂಗ್ಲಿಷಿಗೆ ನೂರು ದಾರಿಗಳಿರುವಾಗಲೂ ಅವರಿಗೆ ಈ ಎಚ್ಚರಿಕೆ ಬೇಕು. ಒಂದೆರಡೇ ದಾರಿ ಇರುವ ನಮಗೆ ಬೇಡವೇ?

ಯಂತ್ರದ ಮಾತು ಪಕ್ಕಕ್ಕಿರಲಿ, ಮನುಷ್ಯರ ಮಾತಿಗೆ ಬರುತ್ತೇನೆ. ನಮ್ಮ ವಿಭಾಗದಲ್ಲಿ ಕಣ್ಣು ಕಾಣದ ಗೆಳೆಯರಿದ್ದಾರೆ. ಅವರಲ್ಲೊಬ್ಬ ಲ್ಯಾಪ್‌ಟಾಪಿನಲ್ಲಿ ಎನ್‌ವಿಡಿಎ ಎಂಬ ಉಚಿತ ತಂತ್ರಾಂಶ ಹಾಕಿಕೊಂಡು, ಅದು ಗಟ್ಟಿಯಾಗಿ ಓದುವುದನ್ನು ಕೇಳಿ ಅಂತರ್ಜಾಲ ಓದುತ್ತಾನೆ. ಒಂದು ಪುಟಕ್ಕೆ ಬಂದಾಗ ಅದರಲ್ಲಿರುವ ಕೊಂಡಿಗಳನ್ನಷ್ಟೇ ಪಟ್ಟಿಯಾಗಿ ಕೇಳಿಸಿಕೊಳ್ಳುವ ಸೌಲಭ್ಯ ಅದರಲ್ಲಿದೆ. ನಾವು ಪುಟದ ಮೇಲೆ ಕಣ್ಣಾಡಿಸುವ ಹಾಗೆ ಅವನು ಆ ಪಟ್ಟಿಯ ಮೇಲೆ ಕಿವಿಯಾಡಿಸುತ್ತಾನೆ. ಒಮ್ಮೆ ಪಕ್ಕದಲ್ಲಿ ಕೂತು ಕೇಳಿದೆ. ಒಂದು ಕನ್ನಡ ಪತ್ರಿಕೆಯ ಪುಟದ ಪಟ್ಟಿ ಹೀಗಿತ್ತು: ಇಲ್ಲಿ, ಇಲ್ಲಿ ಕ್ಲಿಕ್ ಮಾಡಿ, ಇಲ್ಲಿ, ಮುಂದೆ ಓದಿ, ಮುಂದೆ ಓದಿ, ಮುಂದೆ ಓದಿ, ಇಲ್ಲಿ. ಅವನು ನಕ್ಕ. ಬೆತ್ತಲೆ ವಿಳಾಸ ಅಂಟಿಸಿದ ಪುಟ ಇನ್ನೂ ಕಷ್ಟ. ಕನ್ನಡ ಲಿಪಿಯ ವಿಳಾಸವನ್ನು ನಕಲು ಮಾಡಿ ಅಂಟಿಸಿದಾಗ ಅದು ಶೇಕಡಾ ಚಿಹ್ನೆ, ರೋಮನ್ ಅಕ್ಷರ, ಅಂಕಿಗಳ ಕಲಸುಮೇಲೋಗರವಾಗಿ ಬಿಡುತ್ತದಲ್ಲ, ಅದರಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೆ ಒಂಬತ್ತು ಚಿಹ್ನೆ. ‘ಕನ್ನಡ’ ಎಂಬ ಒಂದು ಪದವೇ 45 ಚಿಹ್ನೆಗಳಾಗುತ್ತದೆ. ಒಂದು ಲೇಖನದ ಶೀರ್ಷಿಕೆಯೇ ವಿಳಾಸವಾಗಿದ್ದರೆ ತಂತ್ರಾಂಶ ಅದನ್ನು ಓದಿ ಮುಗಿಸುವಷ್ಟರಲ್ಲಿ ಕೇಳುವವನು ಪುಟ ಮುಚ್ಚಿರುತ್ತಾನೆ.

ಇದಕ್ಕೂ ನಿಯಮವಿದೆ. ಅಂತರ್ಜಾಲದ ಮಾನದಂಡಗಳನ್ನು ರೂಪಿಸುವ ಡಬ್ಲ್ಯೂ3ಸಿ ಸಂಸ್ಥೆ 2008ರಲ್ಲಿ ತಂದ ಸುಗಮ್ಯತೆಯ ಸೂತ್ರಗಳಲ್ಲಿ, ಕೊಂಡಿ ಎಲ್ಲಿಗೆ ಒಯ್ಯುತ್ತದೆ ಎಂಬುದು ಅದರ ಪದಗಳಿಂದ, ಕನಿಷ್ಠ ಅದಿರುವ ವಾಕ್ಯದಿಂದಾದರೂ ತಿಳಿಯಬೇಕು ಎಂಬುದು ಎಲ್ಲಕ್ಕಿಂತ ಕೆಳಗಿನ ಮಟ್ಟದ ಅಪೇಕ್ಷೆ. ಪದಗಳಿಂದಲೇ ತಿಳಿಯಬೇಕು ಎಂಬುದು ಮೇಲಿನ ಮಟ್ಟದ್ದು. ಪ್ರಗತಿಪರ ಸಂಪಾದಕೀಯ ಬರೆಯುವ ನಮ್ಮ ಪತ್ರಿಕೆಗಳು ಕೆಳಗಿನ ಮೆಟ್ಟಿಲನ್ನಾದರೂ ಹತ್ತಬಹುದಿತ್ತು.

ಮೂರನೆಯದು ಸಾವಿನ ಮಾತು. ಕೊಂಡಿಗಳು ಸಾಯುತ್ತವೆ. ಹಣ ಕಟ್ಟದೆ ತಾಣದ ಹೆಸರು ಕೈತಪ್ಪುತ್ತದೆ, ನಡೆಸುತ್ತಿದ್ದವರಿಗೆ ಮದುವೆಯಾಗುತ್ತದೆ, ಸರ್ಕಾರಿ ತಾಣವಾದರೆ ವಿಳಾಸವೇ ಬದಲಾಗುತ್ತದೆ. ಹತ್ತು ವರ್ಷ ಹಿಂದಿನ ಯಾವುದೇ ಕನ್ನಡ ಅಂತರ್ಜಾಲ ಲೇಖನದ ಕೊಂಡಿಗಳನ್ನು ಒಂದೊಂದಾಗಿ ಒತ್ತಿ ನೋಡಿ. ಅವು ಸತ್ತಾಗ ಉಳಿಯುವುದು ಕೊಂಡಿಪದ ಮಾತ್ರ. ಅದು ಲೇಖಕ, ಶೀರ್ಷಿಕೆ, ಪತ್ರಿಕೆಯ ಹೆಸರು ಹೊತ್ತಿದ್ದರೆ ಓದುಗ ಬೇರೆ ಕಡೆ ಹುಡುಕಿಕೊಳ್ಳಬಹುದು. ‘ಇಲ್ಲಿ’ ಮಾತ್ರ ಉಳಿದಿದ್ದರೆ ಏನು ಕಳೆದುಹೋಯಿತು ಎಂಬುದೂ ಗೊತ್ತಾಗುವುದಿಲ್ಲ.

ಕನ್ನಡ ಸಾಹಿತ್ಯ ಚರಿತ್ರೆ ಓದುವವರಿಗೆ ಇದು ಹೊಸ ಅನುಭವವಲ್ಲ. ಒಂಬತ್ತನೇ ಶತಮಾನದ ‘ಕವಿರಾಜಮಾರ್ಗ’ ತನಗಿಂತ ಹಿಂದಿನ ಗದ್ಯಕಾರರೆಂದು ವಿಮಳ, ಉದಯ, ನಾಗಾರ್ಜುನ, ಜಯಬಂಧು, ದುರ್ವಿನೀತ ಎಂಬವರನ್ನೂ, ಕವಿಗಳೆಂದು ಶ್ರೀವಿಜಯ, ಕವೀಶ್ವರ, ಪಂಡಿತ, ಚಂದ್ರ, ಲೋಕಪಾಲ ಎಂಬವರನ್ನೂ ಹೆಸರಿಸುತ್ತದೆ. ಅವರು ಕನ್ನಡದಲ್ಲಿ ಬರೆದದ್ದು ಈಗ ನಮ್ಮ ಕೈಯಲ್ಲಿಲ್ಲ. ಎಲ್ಲ ಸತ್ತ ಕೊಂಡಿಗಳು. ಆದರೆ ಹೆಸರು ಇರುವುದರಿಂದಲೇ ಕವಿರಾಜಮಾರ್ಗಕ್ಕೆ ಮುಂಚೆ ಕನ್ನಡದಲ್ಲಿ ಗದ್ಯವೂ ಪದ್ಯವೂ ಇತ್ತು ಎಂದು ನಾವು ಇವತ್ತು ಎದೆತಟ್ಟಿ ಹೇಳುತ್ತೇವೆ. ವಿಮಳೋದಯ ಎಂಬುದು ಒಬ್ಬನ ಹೆಸರೋ ಇಬ್ಬರದೋ ಎಂಬ ಜಗಳವೂ ಹೆಸರು ಉಳಿದದ್ದರಿಂದಲೇ ಸಾಧ್ಯವಾಯಿತು. ಮಾರ್ಗಕಾರ ‘ಹಿಂದಿನವರು ಬಹಳ ಜನ ಬರೆದಿದ್ದಾರೆ, ಆಸಕ್ತರು ಅಲ್ಲಿ ನೋಡಿಕೊಳ್ಳಿ’ ಎಂದು ಮುಗಿಸಿದ್ದರೆ ಎಷ್ಟು ಜನ ಪಿಎಚ್.ಡಿ. ಕಳೆದುಕೊಳ್ಳುತ್ತಿದ್ದರೋ!

ಇನ್ನು ಎರಡನೆಯ ಪಕ್ಷ. ಈಚೆಗೆ ಡಿಜಿಟಲ್ ಕನ್ನಡದ ಒಂದು ಕಮ್ಮಟದಲ್ಲಿ ಸಣ್ಣ ಸಾಹಿತ್ಯ ತಾಣ ನಡೆಸುವವರಿಗೆಂದೇ ಒಬ್ಬ ಪರಿಣತರನ್ನು ಕರೆಸಿದ್ದರು. ಎಸ್‌ಇಒ ಕಲಿಸುವವರು. ಅವರು ಕೊಂಡಿಪದದ ಮಹತ್ವವನ್ನು ಅರ್ಧ ಗಂಟೆ ಹೇಳಿದರು. ನನಗೆ ಖುಷಿಯಾಯಿತು, ಕೊನೆಗೂ ಯಾರೋ ಇದನ್ನು ಮಾತಾಡುತ್ತಿದ್ದಾರಲ್ಲ ಎಂದು. ಆಮೇಲೆ ಬಂತು ಬೋಧನೆ: ಜನ ಯಾವ ಪದವನ್ನು ಹೆಚ್ಚು ಹುಡುಕುತ್ತಾರೋ ಅದನ್ನು ಪತ್ತೆಮಾಡಿ, ಗೆಳೆಯರ ಹತ್ತು ತಾಣಗಳಿಂದ ಆ ಪದದ ಮೇಲೆಯೇ ನಿಮ್ಮ ತಾಣಕ್ಕೆ ಕೊಂಡಿ ಹಾಕಿಸಿ, ಆದರೆ ಎಲ್ಲ ಕಡೆ ಒಂದೇ ಪದವಾದರೆ ಗೂಗಲ್ಲಿಗೆ ಗುಮಾನಿ ಬರುತ್ತದೆ, ಆದ್ದರಿಂದ ಶೇಕಡಾ ಇಷ್ಟು ತಾಣದ ಹೆಸರು, ಇಷ್ಟು ಬರೀ ವಿಳಾಸ, ಇಷ್ಟು ‘ಇಲ್ಲಿ ಕ್ಲಿಕ್ ಮಾಡಿ’, ಉಳಿದದ್ದು ಬೇಕಾದ ಪದ. ಇದನ್ನೆಲ್ಲ ಕೋಷ್ಟಕ ಹಾಕಿ ತೋರಿಸಿದರು. ಸಹಜವಾಗಿ ಕಾಣಬೇಕು ಎಂಬುದು ಅವರು ಮತ್ತೆ ಮತ್ತೆ ಹೇಳಿದ ಮಾತು. ಸಹಜವಾಗಿ ಕಾಣಲು ಕೋಷ್ಟಕ! ಅಂದರೆ ನಾವು ಸೋಮಾರಿತನದಿಂದ ಬರೆಯುವ ‘ಇಲ್ಲಿ ಕ್ಲಿಕ್ ಮಾಡಿ’ಯನ್ನು ಅವರು ಲೆಕ್ಕ ಹಾಕಿ ಬರೆಸುತ್ತಾರೆ, ಸೋಮಾರಿಯ ವೇಷ ಹಾಕಿಕೊಂಡರೆ ಪ್ರಾಮಾಣಿಕನಂತೆ ಕಾಣಬಹುದೆಂದು.

ಈ ವಿದ್ಯೆಗೆ ಒಂದು ಚರಿತ್ರೆ ಇದೆ, ಅದು ಅಷ್ಟೇನೂ ಗೌರವದ್ದಲ್ಲ. 2003ರಲ್ಲಿ ಅಮೆರಿಕದ ಒಂದಿಷ್ಟು ಜನ ಒಪ್ಪಂದ ಮಾಡಿಕೊಂಡು ‘ಮಿಸರಬಲ್ ಫೇಲ್ಯೂರ್’ ಎಂಬ ಎರಡು ಪದದ ಮೇಲೆ ಅಧ್ಯಕ್ಷ ಜಾರ್ಜ್ ಬುಷ್ ಅವರ ಅಧಿಕೃತ ಪರಿಚಯದ ಪುಟಕ್ಕೆ ಕೊಂಡಿ ಹಾಕಿದರು. ಆ ಪುಟದಲ್ಲಿ ಆ ಪದಗಳು ಎಲ್ಲೂ ಇರಲಿಲ್ಲ. ಆದರೂ ಹುಡುಕಿದವರಿಗೆ ಮೊದಲು ಸಿಗುತ್ತಿದ್ದದ್ದು ಅದೇ. ಗೂಗಲ್ ಬಾಂಬ್ ಎಂದು ಇದನ್ನು ಕರೆದರು. ಗೂಗಲ್ ಅದಕ್ಕೆ ಮದ್ದು ಹುಡುಕಿದ್ದು 2007ರಲ್ಲಿ. ನಗು ಬರಿಸುವ ಪ್ರಸಂಗ, ಇರಲಿ. ನಗು ಬಾರದ ಪ್ರಸಂಗಗಳೂ ಇವೆ. 2011ರಲ್ಲಿ ನ್ಯೂಯಾರ್ಕ್ ಟೈಮ್ಸ್ ಒಂದು ವರದಿ ಪ್ರಕಟಿಸಿತು. ಜೆ.ಸಿ. ಪೆನ್ನಿ ಎಂಬ ದೊಡ್ಡ ಮಳಿಗೆಯ ತಾಣಕ್ಕೆ, ಬಟ್ಟೆಗೂ ಹಾಸಿಗೆಗೂ ಸಂಬಂಧವೇ ಇಲ್ಲದ ಸಾವಿರಾರು ಪುಟಗಳಿಂದ ‘ಕಪ್ಪು ಉಡುಪು’ ಥರದ ಪದಗಳ ಮೇಲೆ ಕೊಂಡಿಗಳಿದ್ದವು. ಇದು ತನ್ನ ಒಪ್ಪಿಗೆಯಿಂದ ಆದದ್ದಲ್ಲ ಎಂದು ಕಂಪನಿ ಹೇಳಿ, ಆ ಕೆಲಸ ನೋಡುತ್ತಿದ್ದ ಸಂಸ್ಥೆಯನ್ನು ಬಿಟ್ಟಿತು. ಮರುವರ್ಷ ಏಪ್ರಿಲಿನಲ್ಲಿ ಗೂಗಲ್ ‘ಪೆಂಗ್ವಿನ್’ ಎಂಬ ಬದಲಾವಣೆ ತಂದು, ಇಂಥ ಕೃತಕ ಕೊಂಡಿಗಳನ್ನು ನಂಬಿದ್ದ ತಾಣಗಳನ್ನು ಕೆಳಕ್ಕೆ ತಳ್ಳಿತು. ಕಮ್ಮಟದ ಆ ಕೋಷ್ಟಕ ಹುಟ್ಟಿದ್ದು ಈ ಹೆದರಿಕೆಯಿಂದ. ಕಳ್ಳತನ ಬಿಡಲಿಲ್ಲ, ಹೆಜ್ಜೆಗುರುತು ಅಳಿಸುವುದನ್ನು ಕಲಿತರು.

ದೊಡ್ಡ ಮಳಿಗೆಗಳು ಏನಾದರೂ ಮಾಡಿಕೊಳ್ಳಲಿ. ಒಂದು ಸಣ್ಣ ವಿಷಯಕ್ಕೆ ಮೀಸಲಾದ ತಾಣಕ್ಕೆ ಈ ಬೋಧನೆ ಏನು ಮಾಡುತ್ತದೆ ಎಂಬುದು ನನ್ನ ಕಾಳಜಿ. ನನ್ನ ಗೆಳತಿಯೊಬ್ಬಳು ಮೂಡಲಪಾಯ ಯಕ್ಷಗಾನದ ಬಗ್ಗೆ ಒಂದು ತಾಣ ನಡೆಸುತ್ತಾಳೆ. ತುಮಕೂರು, ಮಂಡ್ಯ, ಹಾಸನದ ಕಡೆಯ ಭಾಗವತರ ಪದಗಳು, ಮುಖವೀಣೆಯ ಧ್ವನಿಮುದ್ರಣ, ವೇಷದ ಫೋಟೋ, ಊರೂರಿನ ಆಟದ ದಿನಚರಿ ಎಲ್ಲ ಅಲ್ಲಿದೆ. ಜೀ.ಶಂ. ಪರಮಶಿವಯ್ಯನವರ ನಂತರ ಈ ಆಟದ ಬಗ್ಗೆ ಕೆಲಸ ಮಾಡಿದವರು ಇದ್ದಾರೆ, ಆದರೆ ಅಂತರ್ಜಾಲದಲ್ಲಿ ‘ಯಕ್ಷಗಾನ’ ಎಂದು ಹುಡುಕಿದರೆ ಬರುವುದು ಕರಾವಳಿ. ಕಮ್ಮಟದಲ್ಲಿ ಅವಳಿಗೆ ಸಿಕ್ಕ ಸಲಹೆ ‘ಯಕ್ಷಗಾನ’ ಎಂಬ ಪದದ ಮೇಲೆಯೇ ಎಲ್ಲರಿಂದ ಕೊಂಡಿ ಹಾಕಿಸಿ ಎಂದು. ಯೋಚಿಸಿ ನೋಡಿ. ಆ ಪದ ಒತ್ತಿ ಬರುವವನಿಗೆ ಬೇಕಾದದ್ದು ಬಡಗುತಿಟ್ಟಿನ ಹೆಜ್ಜೆ, ತೆಂಕಿನ ಚೆಂಡೆ. ಅವನು ಬಂದು, ಇದೇನಿದು ಎಂದು ಹೊರಟುಹೋಗುತ್ತಾನೆ. ಮೂಡಲಪಾಯವನ್ನೇ ಹುಡುಕುತ್ತಿರುವ ನಾಲ್ಕು ಜನರಿಗೆ ಮಾತ್ರ ಹೊಸದೇನೂ ಸಹಾಯವಾಗಲಿಲ್ಲ.

ಹಾಗಾದರೆ ಯಾವ ಪದ? ಇದು ನಿಜಕ್ಕೂ ಕಷ್ಟದ ಪ್ರಶ್ನೆ. ಮೂಡಲಪಾಯ ಎಂಬುದು ಹೆಚ್ಚಾಗಿ ನಮ್ಮಂಥ ಓದಿದವರ ಮಾತು. ಆಟ ಆಡುವ ಹಳ್ಳಿಯಲ್ಲಿ ಬಯಲಾಟ ಅನ್ನುತ್ತಾರೆ, ಕೆಲವು ಕಡೆ ಕೇಳಿಕೆ, ಹಲವರಿಗೆ ಅದು ಬರೀ ‘ಆಟ’. ಅಜ್ಜ ಹಾಡುತ್ತಿದ್ದ ಪದವನ್ನು ಹುಡುಕಿಕೊಂಡು ಬರುವ ಮೊಮ್ಮಗ ಟೈಪ್ ಮಾಡುವುದು ‘ಬಯಲಾಟದ ಪದ’ ಎಂದಿರಬಹುದು, ಪ್ರಸಂಗದ ಹೆಸರಿರಬಹುದು, ಊರಿನ ಹೆಸರಿರಬಹುದು. ನಾನು ಅವಳಿಗೆ ಹೇಳಿದ್ದು ಇಷ್ಟೇ: ನಿನ್ನ ತಾಣದ ಮುಖಪುಟಕ್ಕೆ ಕೊಂಡಿ ಕೇಳಬೇಡ. ಯಾರಾದರೂ ಮುಖವೀಣೆಯ ಬಗ್ಗೆ ಬರೆಯುತ್ತಿದ್ದರೆ ಆ ಧ್ವನಿಮುದ್ರಣವಿರುವ ಪುಟವನ್ನು ತೋರಿಸಲಿ, ‘ಮೂಡಲಪಾಯದ ಮುಖವೀಣೆ ವಾದನ’ ಎಂಬ ಮಾತಿನ ಮೇಲೆ. ಪ್ರಸಂಗದ ಬಗ್ಗೆ ಬರೆಯುವವರು ಪ್ರಸಂಗದ ಹೆಸರಿನ ಮೇಲೆ, ಹಳ್ಳಿಯ ನೆನಪು ಬರೆಯುವವರು ತಮ್ಮೂರಿನಲ್ಲಿ ಏನನ್ನುತ್ತಿದ್ದರೋ ಆ ಮಾತಿನ ಮೇಲೆ. ಹತ್ತು ಜನ ಹತ್ತು ಕಾರಣಕ್ಕೆ ಬರೆದರೆ ಹತ್ತು ಕೊಂಡಿಪದ ತಾವಾಗಿ ಬರುತ್ತವೆ, ಕೋಷ್ಟಕ ಬೇಡ. ಕುಮಾರವ್ಯಾಸನ ಕೃತಿಯನ್ನೇ ನೋಡಿ: ಒಬ್ಬರು ‘ಕರ್ಣಾಟ ಭಾರತ ಕಥಾಮಂಜರಿ’ ಅನ್ನುತ್ತಾರೆ, ಇನ್ನೊಬ್ಬರು ‘ಕುಮಾರವ್ಯಾಸ ಭಾರತ’, ಗಮಕಿಗಳ ಮನೆಯಲ್ಲಿ ‘ಗದುಗಿನ ಭಾರತ’. ಮೂರೂ ಸರಿ.

ಕಮ್ಮಟದ ನಂತರ ಗೆಳತಿಗೆ ಇಮೇಲುಗಳು ಶುರುವಾದವು. ಒಂದನ್ನು ನನಗೆ ತೋರಿಸಿದಳು. ಅವಳ ತಾಣದಲ್ಲಿ ಭಾಗವತರೊಬ್ಬರ ಸಂದರ್ಶನವಿದೆ. ಮಳೆಗೆ ಬಿದ್ದ ಮನೆಯನ್ನು ಅವರು ಮತ್ತೆ ಕಟ್ಟಿಕೊಂಡ ಕಥೆ ಅದರಲ್ಲಿ ಬರುತ್ತದೆ. ಅಲ್ಲಿರುವ ‘ಮನೆ’ ಎಂಬ ಪದದ ಮೇಲೆ ಒಂದು ಗೃಹಸಾಲದ ತಾಣಕ್ಕೆ ಕೊಂಡಿ ಹಾಕಿದರೆ ಎರಡು ಸಾವಿರ ರೂಪಾಯಿ. ಒಂದಕ್ಷರವನ್ನೂ ಬದಲಿಸಬೇಕಿಲ್ಲ, ಓದುಗರಿಗೆ ಗೊತ್ತೇ ಆಗುವುದಿಲ್ಲ ಎಂಬ ಭರವಸೆ ಬೇರೆ. ತಾಣದ ವರ್ಷದ ಖರ್ಚೇ ಅದರ ಎರಡರಷ್ಟಿಲ್ಲ. ಅವಳು ಒಪ್ಪಲಿಲ್ಲ. ಒಪ್ಪಿದ್ದರೆ ಏನಾಗುತ್ತಿತ್ತು ಎಂದು ಕೇಳುವ ಗೆಳೆಯರಿದ್ದಾರೆ: ಯಾರಿಗೂ ತೊಂದರೆಯಿಲ್ಲವಲ್ಲ, ಜಾಹೀರಾತು ಹಾಕಿದ ಹಾಗೆ ಅಷ್ಟೆ. ಜಾಹೀರಾತು ಹಾಕಲಿ, ಬೇಡ ಅಂದವರಾರು? ದುಡ್ಡು ಪಡೆದ ಕೊಂಡಿಯನ್ನು ಹಾಗೆಂದು ಗುರುತಿಸುವ ಸಂಕೇತವನ್ನು ಗೂಗಲ್ 2019ರಲ್ಲೇ ಕೊಟ್ಟಿದೆ. ಆದರೆ ಆ ಇಮೇಲಿನವರಿಗೆ ಬೇಕಾದದ್ದು ಜಾಹೀರಾತಲ್ಲ. ಭಾಗವತರ ಬಾಯಲ್ಲಿ ‘ಮನೆ’ ಅಂದದ್ದನ್ನು ಕಿತ್ತು ಅದಕ್ಕೆ ಬೇರೆ ಅರ್ಥ ಕಟ್ಟುವುದು ಬೇಕಿತ್ತು. ಮಾತು ಅವರದು, ಅದರ ಮೇಲೆ ಬರುವ ದುಡ್ಡು ಇನ್ನಾರದೋ.

ಇಷ್ಟೆಲ್ಲ ಹೇಳಿದ ಮೇಲೆ ಒಂದು ಆಕ್ಷೇಪವನ್ನು ನಾನು ಗೌರವದಿಂದ ಕೇಳಬೇಕು. ಕವಿಗಳು, ಲಲಿತ ಪ್ರಬಂಧ ಬರೆಯುವವರು ಹೇಳುವುದು: ನೀಲಿ ಪದಗಳು ಗದ್ಯದ ಓಟ ಕೆಡಿಸುತ್ತವೆ, ಓದುಗನನ್ನು ಅರ್ಧದಲ್ಲೇ ಎಬ್ಬಿಸಿ ಕಳಿಸುತ್ತವೆ, ಕೊನೆಯಲ್ಲಿ ‘ಇಲ್ಲಿ’ ಎಂದು ಒಂದು ಸಾಲು ಹಾಕಿಬಿಟ್ಟರೆ ಬರಹ ಕಲೆಯಿಲ್ಲದೆ ಇರುತ್ತದೆ. ಅರ್ಧ ಒಪ್ಪುತ್ತೇನೆ. ಪ್ರತಿ ಸಾಲಿನಲ್ಲೂ ಕೊಂಡಿಯಿದ್ದರೆ ಓದುವುದು ಮುಳ್ಳಿನ ಬೇಲಿ ದಾಟಿದ ಹಾಗೆ. ಕಥೆಯಲ್ಲಿ, ಕವಿತೆಯಲ್ಲಿ ಕೊಂಡಿ ಬೇಡವೇ ಬೇಡ. ಆದರೆ ಆಕರ ತೋರಿಸಲೇಬೇಕಾದ ಬರಹದಲ್ಲಿ, ಕೊನೆಗೆ ಹಾಕುವ ಸಾಲಿನಲ್ಲೂ ಹೆಸರು ಬರೆಯಲು ಯಾರು ಅಡ್ಡ ಬಂದರು?

ಕನ್ನಡಕ್ಕೇ ಸೇರಿದ ಒಂದು ತೊಡಕೂ ಇದೆ, ಅದನ್ನು ಇಂಗ್ಲಿಷಿನ ಕೈಪಿಡಿಗಳು ಹೇಳಿಕೊಡುವುದಿಲ್ಲ. ಇಂಗ್ಲಿಷಿನವರು ಊರಿನ ಹೆಸರನ್ನು ಮಾತ್ರ ನೀಲಿ ಮಾಡಿ, ‘ಇನ್’ ಎಂಬುದನ್ನು ಹೊರಗೆ ಬಿಡಬಹುದು. ನಮ್ಮಲ್ಲಿ ವಿಭಕ್ತಿ ನಾಮಪದದ ಮೈಗೆ ಅಂಟಿಕೊಂಡಿರುತ್ತದೆ. ‘ಗದುಗಿನಲ್ಲಿ’ ಎಂಬಲ್ಲಿ ‘ಗದುಗು’ ಎಂಬ ಅಕ್ಷರಗಳೇ ಇಲ್ಲ. ಅದನ್ನಷ್ಟೇ ಆರಿಸಲು ಹೋದರೆ ಕೊಂಡಿ ‘ಗ’ಕಾರದ ಮೇಲೆ ನಿಂತು ಗುಡಿಸು ಬೇರೆಯಾಗುತ್ತದೆ. ಕೆಲವು ತಾಣಗಳಲ್ಲಿ ಹೀಗೆ ಅಕ್ಷರ ಸೀಳಿರುವುದನ್ನು ನೀವೂ ನೋಡಿರಬಹುದು. ಪ್ರತ್ಯಯವನ್ನೂ ಸೇರಿಸಿ ಇಡೀ ಪದವನ್ನು ನೀಲಿ ಮಾಡುವುದೇ ಸರಿ ಎಂದು ನನ್ನ ಅಭಿಪ್ರಾಯ. ಹೆಸರು ಮೂಲರೂಪದಲ್ಲೇ ಇರಬೇಕೆಂದರೆ ವಾಕ್ಯವನ್ನು ಬದಲಿಸಿ, ಹೆಸರು ಪ್ರಥಮಾ ವಿಭಕ್ತಿಯಲ್ಲಿ ಬರುವಂತೆ ಮಾಡಬಹುದು: ‘ಕೀರ್ತಿನಾಥ ಕುರ್ತಕೋಟಿ ಅವರ ಯುಗಧರ್ಮ ಹಾಗೂ ಸಾಹಿತ್ಯ ದರ್ಶನ ಎಂಬ ಪುಸ್ತಕದಲ್ಲಿ’ ಎಂದು ಬರೆದರೆ ಪುಸ್ತಕದ ಹೆಸರು ಇಡಿಯಾಗಿ ಸಿಗುತ್ತದೆ, ವಾಕ್ಯವೂ ಕುಂಟುವುದಿಲ್ಲ. ಇದು ಎಂಜಿನಿಯರಿಗೆ ಬಿಡುವ ನಿರ್ಧಾರವಲ್ಲ, ವ್ಯಾಕರಣ ಬಲ್ಲವರು ಮಾಡಬೇಕಾದದ್ದು.

ಮತ್ತೆ, ಈ ಅವಕಾಶ ನಮಗೆ ಎಲ್ಲ ಕಡೆ ಇಲ್ಲ ಎಂಬುದನ್ನೂ ನೆನಪಿಡಬ��ಕು. ವಾಟ್ಸಾಪಿನಲ್ಲಿ ಪದದ ಹಿಂದೆ ಕೊಂಡಿ ಇಡಲಾಗದು, ಬೆತ್ತಲೆ ವಿಳಾಸವೇ. ಫೇಸ್‌ಬುಕ್ ಗೋಡೆಯ ಮೇಲೂ ಅಷ್ಟೆ. ಅದರ ಮೇಲೆ ‘ಲಿಂಕ್ ಮೊದಲ ಕಾಮೆಂಟಿನಲ್ಲಿದೆ’ ಎಂಬ ಹೊಸ ಸಂಪ್ರದಾಯ. ಇನ್‌ಸ್ಟಾಗ್ರಾಮಿನಲ್ಲಿ ಚಿತ್ರದ ಕೆಳಗೆ ಬರೆದ ವಿಳಾಸ ಒತ್ತಿದರೆ ತೆರೆಯುವುದೇ ಇಲ್ಲ, ‘ಬಯೋದಲ್ಲಿ ನೋಡಿ’ ಅನ್ನಬೇಕು. ಕನ್ನಡದ ಸಾಹಿತ್ಯ ಚರ್ಚೆಯ ಬಹುಪಾಲು ಈ ಮೂರು ಮನೆಗಳಲ್ಲೇ ನಡೆಯುತ್ತಿದೆ. ಹೊರಗಿನ ಪುಟವನ್ನು ಹೆಸರು ಹಿಡಿದು ಕರೆಯಲು ಬಿಡುವ ಜಾಗ ಎಂದರೆ ಸ್ವತಂತ್ರವಾಗಿ ನಡೆಯುವ ಇಂಥ ಪತ್ರಿಕೆಗಳು, ಸಣ್ಣ ತಾಣಗಳು, ವಿಕಿಪೀಡಿಯ. ಅಲ್ಲೂ ನಾವು ‘ಇಲ್ಲಿ’ ಅನ್ನುತ್ತಿದ್ದೇವೆ.

ಯಾವುದಾದರೂ ಪತ್ರಿಕೆಯವರು ತಮ್ಮ ಹಳೆಯ ಪುಟಗಳನ್ನು ತಿದ್ದಲು ಕೂರುವುದಾದರೆ ಎಲ್ಲವನ್ನೂ ಒಮ್ಮೆಗೇ ಮಾಡಬೇಕಿಲ್ಲ. ಸ್ಕ್ಯಾನ್ ಆದ ಪುಸ್ತಕ, ಪತ್ರಿಕೆಗಳಿಗೆ ಹೋಗುವ ಕೊಂಡಿಗಳಿಂದ ಶುರುಮಾಡಿ, ಏಕೆಂದರೆ ಅವಕ್ಕೇ ಹೆಸರಿನ ಅಗತ್ಯ ಹೆಚ್ಚು. ಆಮೇಲೆ ಧ್ವನಿ, ವಿಡಿಯೊ. ವಾರಕ್ಕೆ ಹತ್ತು ಕೊಂಡಿ ತಿದ್ದಿದರೂ ವರ್ಷಕ್ಕೆ ಐನೂರಾಗುತ್ತದೆ. ಎಂ.ಎ. ವಿದ್ಯಾರ್ಥಿಗಳಿಗೆ ಸೆಮಿನಾರಿನ ಬದಲು ಈ ಕೆಲಸ ಕೊಡಬಹುದು. ಲೇಖಕರ ಹೆಸರು, ಪ್ರಕಟಣೆಯ ವರ್ಷ ಹುಡುಕುವಾಗ ಅವರು ಕಲಿಯುವುದು ಸೆಮಿನಾರಿಗಿಂತ ಹೆಚ್ಚೇ ಇರುತ್ತದೆ. ‘ಪ್ರಬುದ್ಧ ಕರ್ಣಾಟಕ’ದ ಸಂಪುಟಗಳಿಗೆ ಕೊಂಡಿ ಕೊಡುವಾಗ ಸಂಪುಟ, ಸಂಚಿಕೆ, ವರ್ಷ ಮೂರನ್ನೂ ಬರೆಯಿರಿ. ಕರ್ಣಾಟಕದ ‘ಣ’ವನ್ನು ತಿದ್ದಿ ‘ನ’ ಮಾಡಬೇಡಿ, ಪತ್ರಿಕೆ ತನ್ನ ಹೆಸರನ್ನು ಬರೆದುಕೊಂಡದ್ದು ಹಾಗೆ. ಹುಡುಕುವವರು ‘ನ’ ಹಾಕಿಯೂ ಹುಡುಕುತ್ತಾರೆ ಎಂಬ ಚಿಂತೆಯಿದ್ದರೆ ಅದೇ ಪ್ಯಾರಾದಲ್ಲಿ ಇನ್ನೊಂದು ಕಡೆ ಆ ರೂಪವನ್ನೂ ಬಳಸಿ.